ಮೊದಲು ಎತ್ತಿದ ಭಿಶಿ

ನನ್ನ ಉಗುರಿನ ಸಂದಿಯಲ್ಲಿರುವ ಅರಿಸಿನದ ಹಳದಿ ಮೂವತ್ತು ವರ್ಷಗಳಿಂದ ಹೋಗಿಲ್ಲ. ಹೋಗಲಿ ಎಂದು ನಾನೂ ತಿಕ್ಕಿಲ್ಲ. ಮೂಡಲಗಿಯ ಸುತ್ತ ಇಂಜಿನ್ ಹಚ್ಚಿ ಅರಿಸಿನ ಪಾಲಿಶ್ ಮಾಡುವ ಡ್ರಮ್ಮು ತಂದವರಲ್ಲಿ ನಾನೇ ಮೊದಲಿಗ. ಅದಕ್ಕೂ ಮುಂಚೆ ಇಬ್ಬರು ಗಂಡಾಳುಗಳು ಹಿಡಿಕೆ ತಿರುಗಿಸಿ ತಿರುಗಿಸಿ, ಸಂಜೆಗೆ ತುತ್ತು ಎತ್ತಲೂ ಕೈ ಬಾರದೆ ಕೂರುತ್ತಿದ್ದರು. ಈಗ ನನ್ನ ಡ್ರಮ್ಮುಗಳು ಹುಕ್ಕೇರಿಯವರೆಗೂ ಹೋಗುತ್ತವೆ. ಹೀಗೆ ಎದೆಯುಬ್ಬಿಸಿ ಹೇಳುವಾಗಲೆಲ್ಲ ಒಂದು ಮಾತನ್ನು ನುಂಗಿಕೊಳ್ಳುತ್ತಿದ್ದೆ. ಇವತ್ತು ಅದನ್ನೂ ಹೇಳಿಬಿಡುತ್ತೇನೆ.

ಅದನ್ನು ಕೆದಕಿದವಳು ಮೊಮ್ಮಗಳು. ಗೋಕಾಕದಲ್ಲಿ ಡಿಗ್ರಿ ಓದುತ್ತಾಳೆ. ರಜೆಗೆ ಬಂದಾಗ ಒಂದು ರಾತ್ರಿ ಅರ್ಥಶಾಸ್ತ್ರವನ್ನು ಗಟ್ಟಿಯಾಗಿ ಓದುತ್ತಿದ್ದಳು. ಮ್ಯಾಟ್ರಿಕ್‌ಗೆ ಪಾಟಿ ಚೀಲ ಮಡಚಿಟ್ಟ ನಾನು ರೊಟ್ಟಿ ಮುರಿಯುತ್ತ ಕಿವಿಗೊಟ್ಟೆ. ದುಡ್ಡು ಬರೀ ಬಂಡಿಯ ಕೀಲೆಣ್ಣೆ, ಬಂಡಿ ಎಳೆಯುವುದು ದುಡಿಮೆ ಮತ್ತು ಉಳಿತಾಯ ಎಂದು ಕೆಲವು ಪಂಡಿತರ ವಾದವಂತೆ. ಇನ್ನು ಕೆಲವರು ಹಾಗಲ್ಲ ಎನ್ನುತ್ತಾರೆ. ಹೊಸದನ್ನು ಮಾಡಹೊರಟವನ ಕೈ ಖಾಲಿ ಇರುತ್ತದೆ; ಅವನಿನ್ನೂ ಗಳಿಸದ ದುಡ್ಡನ್ನು ಯಾರಾದರೂ ಮೊದಲೇ ಕೊಡಬೇಕು; ಬಂಡವಾಳ ಬೆಳೆಯತೊಡಗುವುದೇ ಆ ಪತ್ತಿನಿಂದ.

"ಇದಕ್ಕ ಇಷ್ಟ ದಪ್ಪ ಪುಸ್ತಕ ಯಾಕ ಬೇಕವ್ವಾ? ಇದು ನಮ್ಮ ಭಿಶಿ," ಎಂದೆ.

"ಅಜ್ಜಾ, ಪರೀಕ್ಷಾದಾಗ ಭಿಶಿ ಅಂತ ಬರದ್ರ ಸೊನ್ನಿ ಕೊಡ್ತಾರ!"

ಹನ್ನೆರಡು ಮಂದಿ ತಿಂಗಳಿಗೊಮ್ಮೆ ಸಮನಾಗಿ ದುಡ್ಡು ಹಾಕಿ, ಚೀಟಿ ಎತ್ತಿ, ಹೆಸರು ಬಂದವನಿಗೆ ಪೂರ್ತಿ ಗಂಟು ಕೊಡುವುದೇ ಭಿಶಿ. ಯಾರ ಮನೆಯಲ್ಲಾದರೂ ಬೇನೆ ಬಂದರೆ ಚೀಟಿ ಬಂದವನು ಪಾಳಿ ಬಿಟ್ಟುಕೊಡುವುದು ನಮ್ಮಲ್ಲಿ ರೂಢಿ. ಮೂವತ್ತು ವರ್ಷದ ಹಿಂದೆ ಒಂದು ಭಿಶಿಯ ಮೊದಲ ಚೀಟಿ ನಮ್ಮ ಓಣಿಯ ಸಿದ್ದಪ್ಪನಿಗೆ ಬಂತು. ಕುರಿ ಕಾಯುವುದು ಬಿಟ್ಟು ಕಬ್ಬು ಹಚ್ಚಿದ್ದ, ಬಾವಿಗೆ ಮೋಟರು ಬೇಕಿತ್ತು. ನಾನೋ ಸಾಂಗಲಿಯಲ್ಲಿ ಡ್ರಮ್ಮು ನೋಡಿ ಬಂದಿದ್ದೆ. ಡ್ರಮ್ಮಿಗೆಂದರೆ ನಗುತ್ತಾರೆಂದು, ಹೆಂಡತಿ ಗಂಗವ್ವನಿಗೆ ಮಿರಜಿನಲ್ಲಿ ಆಪರೇಶನ್ ಇದೆ ಎಂದುಬಿಟ್ಟೆ.

"ಮೊದಲ ವೈನಿ ಆರಾಮ ಆಗ್ಲಿ ಅಣ್ಣಾ. ನನ್ನ ಬಾವಿ ಎಲ್ಲಿ ಓಡಿ ಹೋಗತೈತಿ?" ಎಂದು, ಗಂಗವ್ವನನ್ನು ಅತ್ತಿಗೆಯೆಂದೇ ಕಾಣುತ್ತಿದ್ದ ಸಿದ್ದಪ್ಪ ಗಂಟನ್ನು ನನ್ನ ಮಡಿಲಿಗೆ ಹಾಕಿದ.

ಸುಳ್ಳು ಬಯಲಾಗಬಾರದೆಂದು ಗಂಗವ್ವನನ್ನು ಎಂಟು ದಿನ ಯಮಕನಮರಡಿಯ ತವರಿಗೆ ಕಳಿಸಿದೆ. ಕೇಳದೆಯೇ ತವರಿಗೆ ಕಳಿಸಿದ ಗಂಡ ಎಂದು ಆಕೆ ತವರೂರ ತುಂಬ ಹೊಗಳಿದಳು. ಸಿದ್ದಪ್ಪನ ಪಾಳಿ ಮತ್ತೆ ಬರುವಷ್ಟರಲ್ಲಿ ಬೇಸಿಗೆ ಮುಗಿದಿತ್ತು. ಬಾವಿಯಲ್ಲಿ ನೀರಿತ್ತು, ಎತ್ತಲು ಮೋಟರಿರಲಿಲ್ಲ. ಕಬ್ಬು ಒಣಗಿ, ಅವನು ಮತ್ತೆ ಕುರಿಯ ಹಿಂದೆ ಹೋದ. ಹೊಸದನ್ನು ಮಾಡುವವನಿಗೆ ಮೊದಲೇ ಬಂದ ದುಡ್ಡು ಯಾರ ಬಾವಿಯಿಂದ ಬಂತು ಎಂಬುದನ್ನು ಮೊಮ್ಮಗಳ ಪುಸ್ತಕದಲ್ಲಿ ಹುಡುಕಿಸಿದೆ. ಸಿಗಲಿಲ್ಲ.

ಕಳೆದ ಭಾನುವಾರ ಭಿಶಿ ನಮ್ಮ ಅಂಗಳದಲ್ಲೇ ಕೂಡಿತ್ತು. ಎಲ್ಲರೆದುರು ಹೇಳಿಬಿಟ್ಟೆ, ತವರಿನ ಸಂಗತಿಯನ್ನೂ ಬಿಡದೆ. ಸಿದ್ದಪ್ಪ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ.

"ಅಂದ್ರ ವೈನಿಗೆ ಏನೂ ಆಗಿರಲಿಲ್ಲ?"

"ಇಲ್ಲೋ. ಡ್ರಮ್ ಅಂದಿದ್ರ ನೀವು ನಗತಿದ್ರಿ."

"ಖರೆ, ನಗತಿದ್ವಿ. ನಾ ಅಂತೂ ಪಾಳಿ ಬಿಡತಿರಲಿಲ್ಲ," ಎಂದ. ಮುಖದಲ್ಲಿ ನಗೆಯಿರಲಿಲ್ಲ.

ಬಾಗಿಲಲ್ಲಿ ಗಂಗವ್ವ ಚಹಾದ ತಾಟು ಹಿಡಿದು ನಿಂತಿದ್ದಳು. "ನನ್ನ ತವರಿಗೆ ಕಳಿಸಿದ್ದು ಇದಕ್ಕೇನ್ರಿ?" ಎಂದವಳು ತಾಟನ್ನು ಅಲ್ಲೇ ಇಟ್ಟು ಒಳಗೆ ಹೋದಳು.

ಚೀಟಿ ಎತ್ತಿದರು. ನನ್ನದೇ ಹೆಸರು. ಸಿದ್ದಪ್ಪ ಎದ್ದು ಕೈ ಮುಗಿದ.

"ನಮ್ಮಾಕೀದ ಆಪರೇಶನ್ ಐತ್ರಿ. ಎಂಟ ದಿನಾ ತವರಿಗೆ ಕಳಸಬೇಕಾಗೇತಿ."

ಅಂಗಳವೆಲ್ಲ ನಕ್ಕಿತು, ಕೊನೆಗೆ ಅವನೂ ನಕ್ಕ. ಗಂಟನ್ನು ಅವನ ಮಡಿಲಿಗೆ ಹಾಕಿದೆ. ಕುರಿಯ ಉಣ್ಣೆ ಕತ್ತರಿಸುವ ಯಂತ್ರ ತರುತ್ತಾನಂತೆ. ನಮ್ಮ ಓಣಿಗೆ ಅದು ಮೊದಲನೆಯದು. ನನ್ನ ಡ್ರಮ್ಮಿನಷ್ಟೇ ಹೆಮ್ಮೆ ನನಗೆ ಅದರ ಮೇಲೂ ಇದೆ.

ಗಂಗವ್ವ ಮರುದಿನವೇ ಯಮಕನಮರಡಿಯ ಬಸ್ಸು ಹತ್ತಿದಳು. ಎಂದು ಬರುತ್ತೇನೆಂದು ಹೇಳಿಲ್ಲ, ನಾನೂ ಕೇಳಿಲ್ಲ. ಕಾಯುವ ಪಾಳಿ ಈಗ ನನ್ನದು.