ದೊಡ್ಡವ್ವನ ರೊಟ್ಟಿ, ನಮ್ಮೂರ ಸಭೆ

ಕಳೆದ ಭಾನುವಾರ ಪಟ್ಟಣದ ಚರ್ಚಿನೊಳಗೆ ಕಾಲಿಟ್ಟ ಕೂಡಲೇ ಜೋಳದ ರೊಟ್ಟಿಯ ವಾಸನೆ ಮೂಗಿಗೆ ಬಡಿಯಿತು. ಯೇಸುವಿನ ನೆನಪಿಗೆ ಮುರಿದು ಹಂಚುವ ಕರ್ತನ ಭೋಜನದ ಮೇಜಿನ ಮೇಲೆ ಬ್ರೆಡ್ಡಿನ ಬದಲು ರೊಟ್ಟಿ ಇಟ್ಟಿದ್ದರು. ಖಾನಾವಳಿಯಿಂದ ತರಿಸಿದ್ದಂತೆ. ‘ನಮ್ಮ ನೆಲದ ಆರಾಧನೆ’ ಎಂದು ಬ್ಯಾನರು ಬೇರೆ. ಜನ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಊರಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ ನೆನಪಾದಳು...

ಸಂಪಗಾಂವದ ಆಚೆಗಿನ ನಮ್ಮೂರಿಗೆ ಒಂದು ಕಾಲದಲ್ಲಿ ಸ್ವಂತ ಕ್ರೈಸ್ತ ಸಭೆಯಿತ್ತು, ಸ್ವಂತ ಚರ್ಚಿತ್ತು. ಊರವರೆಲ್ಲ ಯೇಸಪ್ಪನ ಗುಡಿ ಎನ್ನುತ್ತಿದ್ದರು. ಬಾಗಿಲ ಮೇಲಿನ ಕಲ್ಲಿನಲ್ಲಿ ಯಾವನೋ ಬಿಳಿಯ ಸಾಹೇಬನ ಹೆಸರಿದೆ. ಗುಡ್ಡದಿಂದ ಕಲ್ಲು ಹೊತ್ತವರು ದೊಡ್ಡವ್ವನ ಅತ್ತೆ-ಮಾವ, ನಮ್ಮ ಮುತ್ತಜ್ಜ. ಅವರ ಹೆಸರು ಎಲ್ಲಿಯೂ ಇಲ್ಲ. ಇರಲಿ, ಅದೇನು ಹೊಸದಲ್ಲ ಬಿಡಿ.

ರಾಶಿಯಾದಾಗ ಸಭೆಯ ಪ್ರತಿ ಮನೆಯಿಂದ ಮೊದಲ ಹಿಡಿ ಜೋಳ ದೊಡ್ಡವ್ವನ ಮನೆಗೆ ಬರಬೇಕು. ಗೌಡರ ಮನೆಯಿಂದಲೂ ಬರುತ್ತಿತ್ತು. ಊರ ದೇವರಿಗೆಲ್ಲ ಕೊಟ್ಟಮೇಲೆ ಯೇಸಪ್ಪನೇನು ಪಾಪ ಮಾಡಿದ್ದಾನೆ? ಎಲ್ಲವೂ ಒಂದೇ ಗಡಿಗೆಗೆ ಬೀಳುತ್ತಿತ್ತು. ಕರ್ತನ ಭೋಜನದ ದಿನ ದೊಡ್ಡವ್ವ ನಸುಕಿನಲ್ಲಿ ಎದ್ದು ಜಳಕ ಮಾಡಿ, ಆ ಜೋಳ ಬೀಸಿ, ಉಪ್ಪು ಹಾಕದೆ ಕರ್ತನ ಮೇಜಿಗೆ ರೊಟ್ಟಿ ಬಡಿಯುತ್ತಿದ್ದಳು. ಬೀಸುವಾಗ ಹಾಡದ ಹೆಂಗಸು ನಮ್ಮೂರಲ್ಲಿ ಇರಲಿಲ್ಲ. ಆ ದಿನ ಮಾತ್ರ ಅವಳ ಬಾಯಿಂದ ಹಾಡಿಲ್ಲ, ಮಾತಿಲ್ಲ. ಸೊಸೆ ಒಮ್ಮೆ ಮರೆತು ಮಾತಾಡಿಸಿದ್ದಕ್ಕೆ “ಹೂಂ” ಅಂದುಬಿಟ್ಟು, ಆ ಹಿಟ್ಟನ್ನೆಲ್ಲ ಎಮ್ಮೆಗೆ ಹಾಕಿ ಹೊಸದಾಗಿ ಬೀಸಲು ಕುಳಿತಿದ್ದಳು. ಸೊಸೆಗೆ ಬಿದ್ದ ಬೈಗುಳ ಮಾತ್ರ ರೊಟ್ಟಿ ಬೆಂದಮೇಲೆ!

ಮುಂದೆ ಮನೆಗಳು ಕಡಿಮೆಯಾದವೆಂದು ನಮ್ಮ ಸಭೆಯನ್ನು ಪಟ್ಟಣದ ಸಭೆಗೆ ಸೇರಿಸಿದರು. ನಮ್ಮನ್ನು ಯಾರೂ ಕೇಳಲಿಲ್ಲ. ಅಲ್ಲಿಂದ ಬಂದ ಪಾದ್ರಿ ಮೇಜಿನ ಮೇಲಿನ ರೊಟ್ಟಿ ನೋಡಿ ಮೂಗು ಮುರಿದರು.

“ಇದು ಪುಂಡಿಪಲ್ಲೆ ಜೋಡಿ ತಿನ್ನೂದಬೇ. ಕರ್ತನ ಮೇಜಿಗೆ ಬ್ರೆಡ್ ಬೇಕು.”

“ಯೇಸುಸ್ವಾಮಿ ತನ್ನೂರಾಗ ಬೆಳದದ್ದನ್ನ ಮುರದಾನ್ರೀ, ಪಾದ್ರಿಯವರ. ನಮ್ಮೂರಾಗ ಜ್ವಾಳ ಬೆಳೀತೈತಿ,” ಎಂದಳು ದೊಡ್ಡವ್ವ.

ಪಾದ್ರಿ ಚೀಲದಿಂದ ಬೇಕರಿ ಬ್ರೆಡ್ಡಿನ ಪ್ಯಾಕೆಟ್ ತೆಗೆದರು. ದೊಡ್ಡವ್ವ ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ನಡೆದಳು. ಕೆಲವು ತಿಂಗಳಿಗೆ ಚರ್ಚಿಗೂ ಕೀಲಿ ಬಿತ್ತು. ಇನ್ನು ಬಸ್ಸು ಹತ್ತಿ ಪಟ್ಟಣಕ್ಕೇ ಬನ್ನಿ ಎಂದರು. ಅವಳು ಹೋಗಲಿಲ್ಲ. ಹಟಮಾರಿ ಮುದುಕಿ ಎಂದು ಹೆಸರಿಟ್ಟರು. ತಲೆಮಾರುಗಳಿಂದ ನಡೆದದ್ದನ್ನು ಒಂದು ಪ್ಯಾಕೆಟ್ಟಿನಿಂದ ಅಳಿಸಿದವರು ಹಟಮಾರಿಗಳಲ್ಲ, ಇವಳು ಹಟಮಾರಿ!

ಹಾಸಿಗೆ ಹಿಡಿದಾಗ ಒಂದೇ ಒಂದು ಕೇಳಿದಳು: ಸಾಯುವ ಮೊದಲು ಕರ್ತನ ಭೋಜನ, ಅದೂ ನಮ್ಮೂರ ರೊಟ್ಟಿಯಲ್ಲಿ. ಸೊಸೆ ಯಾರೊಂದಿಗೂ ಮಾತಾಡದೆ ರೊಟ್ಟಿ ಬಡಿದು ತಾಟಿನಲ್ಲಿಟ್ಟಳು. ನಾನೂ ಅಲ್ಲಿಯೇ ಇದ್ದೆ. ಪಾದ್ರಿ ಬಂದವರು ತಾಟನ್ನು ಕಾಲ ಕಡೆಗೆ ಸರಿಸಿ, ಬ್ರೆಡ್ಡಿನ ತುಂಡನ್ನು ಅವಳ ತುಟಿಗೆ ಹಿಡಿದರು. ದೊಡ್ಡವ್ವ ಬಾಯಿ ತೆರೆಯಲಿಲ್ಲ. ಸೊಸೆ ಅತ್ತು ಬೇಡಿಕೊಂಡಳು. “ನಿಯಮ ಬಿಟ್ಟು ಕೊಡಾಕ ಬರೂದಿಲ್ಲ,” ಎಂದು ಅವರು ಎದ್ದರು. ಮರುದಿನ ದೊಡ್ಡವ್ವ ಹೋಗಿಬಿಟ್ಟಳು...

ಭಾನುವಾರ ಆರಾಧನೆ ಮುಗಿದಮೇಲೆ ಈಗಿನ ಪಾದ್ರಿ ನನ್ನ ಕೈಗೆ ಮೈಕು ಕೊಟ್ಟು, “ನಿಮ್ಮ ಹಳೇ ಸಭಾದ ಬಗ್ಗೆ ನಾಕು ಚಲೋ ಮಾತು ಹೇಳ್ರಿ,” ಎಂದರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು! ಚಲೋ ಮಾತು ನನ್ನ ಬಳಿ ಇರಲಿಲ್ಲ.

“ಈ ರೊಟ್ಟೀನ ಸಾಯೂ ಮುಂದ ಒಬ್ಬಾಕಿ ಕೇಳಿದ್ಲು. ನೀವು ಕೊಡಲಿಲ್ಲ,” ಎಂದೆ.

ಮುಂದಿನ ಸಾಲಿನಿಂದ ಸಭೆಯ ಹಿರಿಯರೊಬ್ಬರು, “ಆವಾಗಿನ ನಿಯಮ ಹಂಗಿತ್ರೀ,” ಎಂದರು.

ಈಗ ನಿಯಮ ಬದಲಾಗಿದೆ. ತಾಟಿನ ತುಂಬ ರೊಟ್ಟಿ ಉಳಿದಿತ್ತು. ಉಣ್ಣಲು ದೊಡ್ಡವ್ವ ಇಲ್ಲ.