ಶಿಷ್ಯನಿಗೆ ಸಿಹಿ ವೈನ್

ಗೆಳೆಯರೇ, ಇವತ್ತು ನನ್ನ ಹಳೆಯ ಶಿಷ್ಯನೊಬ್ಬನಿಗೆ ನಾನೇ ಕೈಯಾರೆ ವೈನ್ ಕುಡಿಸಿದೆ.

ಕೆನಡಾದ ಮಿಸಿಸಾಗದ ಒಂದು ಅಂಗಡಿಯಲ್ಲಿ ಗಿರಾಕಿಗಳಿಗೆ ವೈನಿನ ರುಚಿ ತೋರಿಸುವುದು ಈಗ ನನ್ನ ಕೆಲಸ. ಇವತ್ತಿನದು ಜರ್ಮನಿಯ ಸಿಹಿ ಕೆಂಪು ವೈನ್. ನಾನು ಒಂದು ಹನಿಯನ್ನೂ ಕುಡಿದವಳಲ್ಲ. ಖಾರದ ಊಟಕ್ಕೆ, ಸುಟ್ಟ ಮಾಂಸಕ್ಕೆ, ಚಾಕೊಲೇಟಿಗೆ ಚೆನ್ನಾಗಿ ಹೊಂದುತ್ತದೆ ಎಂದು ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಿದ್ದೆ.

ಮಧ್ಯಾಹ್ನ, ಮೂವತ್ತು ವರ್ಷದ ಆಸುಪಾಸಿನವನೊಬ್ಬ ಲೋಟಕ್ಕೆ ಕೈ ಚಾಚಿ, ನನ್ನ ಮುಖ ನೋಡಿದವನೇ ಕೈ ಹಿಂದೆಳೆದುಕೊಂಡ.

"ಮೇಡಂ! ಮೈಸೂರಲ್ಲಿ ನಮ್ಗೆ ಕೆಮಿಸ್ಟ್ರಿ ತಗೋತಿದ್ರಿ ಅಲ್ವಾ?"

ಹೌದೆಂದೆ. ಹದಿನೆಂಟು ವರ್ಷ ಪಾಠ ಮಾಡಿದವಳು ಏಪ್ರನ್ ಕಟ್ಟಿಕೊಂಡು ನಿಂತಿದ್ದೆ.

"ತಗೊಳಪ್ಪ, ರುಚಿ ನೋಡು."

"ಅಯ್ಯೋ, ನಿಮ್ ಮುಂದೆ ಹೆಂಗ್ ಮೇಡಂ?"

ಸ್ವಲ್ಪ ದೂರದಲ್ಲಿ ನಮ್ಮ ಸೂಪರ್‌ವೈಸರ್ ಕೈಕಟ್ಟಿಕೊಂಡು ನೋಡುತ್ತಿದ್ದಳು.

"ಕುಡಿಯೋ, ಪ್ಲೀಸ್. ಅವ್ಳು ನೋಡ್ತಿದಾಳೆ," ಎಂದೆ ಮೆಲ್ಲಗೆ.

ಅವನು ನನಗೆ ಬೆನ್ನು ತಿರುಗಿಸಿ, ಔಷಧಿ ಕುಡಿದಂತೆ ಒಂದೇ ಗುಟುಕಿಗೆ ಮುಗಿಸಿದ. ಲೋಟ ಕೆಳಗಿಟ್ಟು, "ಯಾವ ಊಟಕ್ಕೆ ಚೆನ್ನಾಗಿರತ್ತೆ ಮೇಡಂ?" ಎಂದು ಕೇಳಿದ.

ಬಾಯಿಪಾಠವೆಲ್ಲ ಮರೆತುಹೋಯಿತು. "ಬಿಸಿಬೇಳೆಬಾತ್‌ಗೆ," ಎಂದುಬಿಟ್ಟೆ.

ಎರಡು ಬಾಟಲಿ ಎತ್ತಿಕೊಂಡು, ತಲೆ ತಗ್ಗಿಸಿಕೊಂಡೇ ಹೋದ. ನಾನೂ ಅವನ ಕಡೆ ನೋಡಲಿಲ್ಲ.

ಸೂಪರ್‌ವೈಸರ್ ಬಂದು ಬೆನ್ನು ತಟ್ಟಿದಳು. "ವಾವ್, ಯೂ ಆರ್ ಎ ನ್ಯಾಚುರಲ್ ಟೀಚರ್!"

ಎರಡು ವರ್ಷದಿಂದ ಇಲ್ಲಿನ ಕಾಲೇಜುಗಳಿಗೆಲ್ಲ ಅರ್ಜಿ ಹಾಕುತ್ತಿದ್ದೇನೆ. ನನಗೆ ಪಾಠ ಹೇಳಲು ಬರುತ್ತದೆ ಎಂದು ಈ ದೇಶದಲ್ಲಿ ಒಪ್ಪಿಕೊಂಡವಳು ಇವಳೊಬ್ಬಳೇ.