ಪೊಳ್ಳು ಸದ್ದಿನ ಬೆನ್ನು ಹತ್ತಿ ಮಣಿಕೊಂಡಕ್ಕೆ

ತಪ್ಪು ನನ್ನದು, ಮೊದಲೇ ಹೇಳಿಬಿಡುತ್ತೇನೆ. ಹೈದರಾಬಾದಿನ ಮಣಿಕೊಂಡದಲ್ಲಿ ಟೈಲ್ಸ್ ಕೂರಿಸುವ ನನ್ನ ಸೋದರಮಾವ ಹನುಮಂತನಿಗೆ ರಾಯಚೂರಿನಿಂದ ಫೋನ್ ಮಾಡಿ, ತಮಾಷೆಗೆಂದು ಅವನ ಗುತ್ತೇದಾರನ ದನಿಯಲ್ಲಿ, ನಡುಮನೆಯ ಟೈಲ್ಸ್ ಕೆಳಗೆ ಪೊಳ್ಳಿದೆ, ಎಲ್ಲ ಕಿತ್ತು ಹಾಕು ಎಂದು ಗದರಿದ್ದೆ. ಕುಕ್ಕರಿನ ಸೀಟಿಯಿಂದ ತಹಸೀಲ್ದಾರರ ಆಕಳಿಕೆಯವರೆಗೆ ಎಲ್ಲ ದನಿಯೂ ಬರುತ್ತದೆ ನನಗೆ; ಹೊಟ್ಟೆ ಹೊರೆಯುವ ವಿದ್ಯೆ ಮಾತ್ರ ಒಂದೂ ಬಾರದು. ಹಿಂದೆಲ್ಲ ಮಾವ ಎರಡನೇ ಮಾತಿಗೇ ನಾನೇ ಎಂದು ಗುರುತು ಹಿಡಿದು ಬೈಯುತ್ತಿದ್ದ. ಈ ಸಲ ನಂಬಿ, ಗಟ್ಟಿ ನೆಲವನ್ನೇ ಅಗೆದ. ಗುತ್ತೇದಾರ ಅವನನ್ನು ಟೈಲ್ಸ್ ಕೆಲಸ ಬಿಡಿಸಿ ಉಸುಕು ಹೊರಲು ಹಚ್ಚಿದ.

ಸುದ್ದಿ ಬಂದ ಮರುದಿನ ಬೆಳಗಿನ ರೈಲಿಗೆ ಸಿಕಂದರಾಬಾದಿನ ಜನರಲ್ ಟಿಕೆಟ್ ತೆಗೆಸಿದೆ. ತಾಂಡೂರಿನವರೆಗೆ ನಿಂತೇ ಹೋದೆ. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚುವ ಮನಸ್ಸಾಗಲಿಲ್ಲ. ಲಿಂಗಂಪಲ್ಲಿಯಲ್ಲಿ ಇಳಿದು ಗಚ್ಚಿಬೌಲಿಗೆ ಒಂದು ಷೇರ್ ಆಟೊ, ಅಲ್ಲಿಂದ ಮಣಿಕೊಂಡಕ್ಕೆ ಇನ್ನೊಂದು. ಬಿಸಿಲಿಗೆ ಧೂಳು ಹುರಿದ ವಾಸನೆ.

ಕಟ್ಟಡದ ಬುಡದಲ್ಲೇ ಗುತ್ತೇದಾರ ಸಿಕ್ಕ. ತಪ್ಪೊಪ್ಪಿಕೊಂಡೆ. ನನ್ನ ಸ್ವಂತ ದನಿ ಎಷ್ಟು ತೆಳ್ಳಗಿದೆ ಎಂದು ಆಗ ಗೊತ್ತಾಯಿತು. ಅವನು ಬೈಯಲಿಲ್ಲ. ಕುಟ್ಟಿದ ಸದ್ದಿನಲ್ಲೇ ಪೊಳ್ಳು ತಿಳಿಯುವವನು ಫೋನಿನ ಮಾತು ಯಾಕೆ ನಂಬಿದ ಎಂದು ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ಕೇಳಿದ. ಆರನೇ ಮಹಡಿಯಲ್ಲಿ ಬೇರೆಯವರು ಕೂರಿಸಿದ ಕೋಣೆಯೊಂದಿದೆ. ನಾಳೆ ಹನುಮಂತ ನನ್ನೆದುರು ಕುಟ್ಟಿ ಅಲ್ಲಿಯ ಪೊಳ್ಳು ಟೈಲ್ಸ್ ತೋರಿಸಲಿ, ಕೆಲಸ ವಾಪಸ್ ಕೊಡುತ್ತೇನೆ ಎಂದ.

ಮಾವ ತಗಡಿನ ಶೆಡ್ಡಿನ ಮುಂದೆ ಕೂತಿದ್ದ. ಮೂರು ಸಲ ಕರೆದ ಮೇಲೆ ತಿರುಗಿದ. ಹಿಂದೆ ಪಕ್ಕದ ಕೋಣೆಯಲ್ಲಿ ಕೂತೇ, ಯಾರೋ ಕುಟ್ಟಿದ್ದು ಕೇಳಿ, “ಅದು ಪೊಳ್ಳ ಐತಿ” ಅನ್ನುತ್ತಿದ್ದವನು ಇವನೇ.

ವಿಷಯ ಹೇಳಿದ ಕೂಡಲೇ ಸುತ್ತಿಗೆ ಹಿಡಿದು ಆರನೇ ಮಹಡಿಗೆ ಹತ್ತಿದ; ಹಿಂದೆಯೇ ನಾನು. ಸುತ್ತಿಗೆಯ ಹಿಡಿಯಿಂದ ಒಂದೊಂದೇ ಟೈಲ್ ಕುಟ್ಟುತ್ತ ಹೋದ. ಟಣ್, ಟಣ್, ಆಮೇಲೆ ಡಬ್, ನನಗೂ ಕೇಳುವಂಥ ಪೊಳ್ಳು. ಮಾವ ಅದನ್ನೂ ದಾಟಿ ಮುಂದಿನದನ್ನು ಕುಟ್ಟಿದ. ನನ್ನ ಮುಖ ನೋಡಿ ಕೈ ನಿಲ್ಲಿಸಿದ.

“ಕಲ್ಲ ಕೊಯ್ಯೊ ಮಷಿನ್ ಬಲಗಿವಿ ಯಾವಾಗ್ಲೋ ತಿಂದಿತ್ತು,” ಎಂದ. “ಈಗ ಎಡಗಿವಿನೂ ತಿನ್ನಾಕತ್ತೈತಿ.”

ನಾನು ಅವನ ಎಡಗಿವಿಗೆ ಬಾಗಿ ಉಪಾಯ ಹೇಳಿದೆ: ನಾಳೆ ನಾನು ಎದುರಿಗೇ ನಿಲ್ಲುತ್ತೇನೆ, ಪೊಳ್ಳು ಬಂದಲ್ಲಿ ಬಾಯಿಗೆ ಕೈ ಹಿಡಿದು ಕೆಮ್ಮುತ್ತೇನೆ, ನೀನು ಗುರುತು ಹಾಕಿದರೆ ಸಾಕು, ಗುತ್ತೇದಾರನಿಗೆ ಏನೂ ತಿಳಿಯುವುದಿಲ್ಲ.

ಮಾವ ಸುತ್ತಿಗೆ ಕೆಳಗಿಟ್ಟ.

“ಅಳಿಯ, ಇಪ್ಪತ್ತೆರಡು ವರ್ಷ ನನ್ನ ಕಿವಿ ನಂಬಿ ಕಲ್ಲ ಕೂಡ್ರಿಸೀನಿ. ನಿನ್ನ ಕೆಮ್ಮ ನಂಬಿ ಒಂದೂ ಕೂಡ್ರಸಂಗಿಲ್ಲ. ಉಸುಕ ಹೊರತೀನಿ.”